ಪುಣೆಯ ಮಾಲೀಕರು, ಬ್ಲ್ಯಾಕ್‌ಬರ್ನಿನ ಅಭಿಮಾನಿಗಳು

ಕೇಳುಗರೆಲ್ಲರಿಗೂ ನಮಸ್ಕಾರ.

2012ರ ಮೇ 7. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಅನ್ನೋ ಊರಿನ ಎವುಡ್ ಪಾರ್ಕ್ ಮೈದಾನ. ಬ್ಲ್ಯಾಕ್‌ಬರ್ನ್ ರೋವರ್ಸ್ ಮತ್ತು ವಿಗನ್ ತಂಡಗಳ ಫುಟ್‌ಬಾಲ್ ಪಂದ್ಯ ನಡೀತಿತ್ತು. ನಡುವೆ ಮೈದಾನದೊಳಗೆ ಒಂದು ಕೋಳಿ ಕಾಣಿಸಿಕೊಂಡಿತು. ಜೀವಂತ ಕೋಳಿ. ಅದರ ಮೈಗೆ ಕ್ಲಬ್ಬಿನ ಬಾವುಟ ಸುತ್ತಿದ್ದರು. ಅದನ್ನು ಬಿಟ್ಟವರು ಎದುರಾಳಿ ತಂಡದವರಲ್ಲ, ರೋವರ್ಸಿನ ಸ್ವಂತ ಅಭಿಮಾನಿಗಳು. ಆ ದಿನ ರೋವರ್ಸ್ 1-0 ಅಂತರದಲ್ಲಿ ಸೋತು, ಅಲ್ಲಿನ ಅತಿ ಮೇಲಿನ ದರ್ಜೆಯಾದ ಪ್ರೀಮಿಯರ್ ಲೀಗಿನಿಂದ ಕೆಳಗಿನ ದರ್ಜೆಗೆ ಇಳಿಯಿತು.

ಕೋಳಿ ಯಾಕೆ ಅಂದರೆ, ಆ ಕ್ಲಬ್ಬಿನ ಮಾಲೀಕರು ನಮ್ಮ ಪುಣೆಯ ವೆಂಕೀಸ್ ಕಂಪನಿಯವರು. ಕೋಳಿ ಸಾಕಣೆ, ಮೊಟ್ಟೆ, ಮಾಂಸ, ಎಲ್ಲದರಲ್ಲೂ ದೊಡ್ಡ ಹೆಸರು. ನಮ್ಮ ಸೂಪರ್ ಮಾರ್ಕೆಟ್ಟುಗಳ ಫ್ರೀಜರಿನಲ್ಲೂ ಇದೇ ಹೆಸರಿನ ಪೊಟ್ಟಣ ಕಾಣುತ್ತದೆ. ನಮ್ಮ ದೇಶದ ಕಂಪನಿಯೊಂದು ಇಂಗ್ಲೆಂಡಿನ ಹಳೇ ಫುಟ್‌ಬಾಲ್ ಕ್ಲಬ್ಬನ್ನು ಕೊಂಡಿದೆ ಅಂದಾಗ ಇಲ್ಲಿ ಎಷ್ಟೋ ಜನಕ್ಕೆ ಹೆಮ್ಮೆಯಾಗಿತ್ತು, ನನಗೂ ಆಗಿತ್ತು. ಹಾಗಿದ್ದರೆ ಅಲ್ಲಿನವರಿಗೆ ಇಷ್ಟೊಂದು ಸಿಟ್ಟು ಯಾಕೆ ಬಂತು? ಸೋತವರ ಕೂಗಾಟ ಅಂತ ಅದನ್ನು ತಳ್ಳಿಹಾಕೋದು ಸರಿಯಲ್ಲ.

ಮೊದಲು ಊರಿನ ವಿಷಯ ಹೇಳಬೇಕು. ಬ್ಲ್ಯಾಕ್‌ಬರ್ನ್ ಇರೋದು ಲ್ಯಾಂಕಶೈರಿನಲ್ಲಿ. ಹತ್ತಿ ಬಟ್ಟೆ ನೇಯ್ದು ಬದುಕಿದ ಊರು ಅದು. ಒಂದು ಕಾಲಕ್ಕೆ ನಮ್ಮ ದೇಶದವರು ಉಡುತ್ತಿದ್ದ ಪಂಚೆಗಳೂ ಅಲ್ಲಿನ ಮಗ್ಗಗಳಿಂದಲೇ ಹಡಗೇರಿ ಬರುತ್ತಿದ್ದವು. ಈಗ ಮಿಲ್ಲುಗಳಿಲ್ಲ. ಸುಮಾರು 1.25 ಲಕ್ಷ ಜನ ಇದ್ದಾರೆ. ಎವುಡ್ ಪಾರ್ಕಿನಲ್ಲಿ 31 ಸಾವಿರ ಜನ ಕೂರಬಹುದು. ಅಂದರೆ ಹತ್ತಿರ ಹತ್ತಿರ ಕಾಲು ಭಾಗ ಊರು ಒಂದೇ ಮೈದಾನದಲ್ಲಿ ಹಿಡಿಯುತ್ತದೆ. ಕ್ಲಬ್ ಹುಟ್ಟಿದ್ದು 1875ರಲ್ಲಿ. 1888ರಲ್ಲಿ ಫುಟ್‌ಬಾಲ್ ಲೀಗ್ ಶುರು ಮಾಡಿದ 12 ಕ್ಲಬ್ಬುಗಳಲ್ಲಿ ಇದೂ ಒಂದು. ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು, ಕ್ಲಬ್ ಮಾತ್ರ ಉಳಿಯಿತು. ಆ ಊರಿನ ಹೆಸರು ಹೊರಗಿನವರ ಬಾಯಲ್ಲಿ ಬರೋದು ಹೆಚ್ಚಾಗಿ ಈ ಕ್ಲಬ್ಬಿನಿಂದಲೇ.

ಆ ಅಭಿಮಾನಿಗಳಿಗೆ ಶ್ರೀಮಂತ ಮಾಲೀಕರನ್ನು ಕಂಡರೇ ಆಗಲ್ಲ ಅನ್ನೋ ಹಾಗೇನಿಲ್ಲ. ಜ್ಯಾಕ್ ವಾಕರ್ ಅನ್ನುವವರು ಅದೇ ಊರಿನವರು, ಉಕ್ಕಿನ ವ್ಯಾಪಾರದಲ್ಲಿ ಕೋಟಿಗಟ್ಟಲೆ ಸಂಪಾದಿಸಿದವರು. ಹುಡುಗನಾಗಿದ್ದಾಗಿನಿಂದಲೂ ರೋವರ್ಸ್ ಅಂದರೆ ಅವರಿಗೆ ಪ್ರಾಣ. 1991ರಲ್ಲಿ ಕ್ಲಬ್ ಅವರ ಕೈಗೆ ಬಂತು. ಕೆನ್ನಿ ಡಾಲ್ಗ್ಲಿಶ್ ಅವರನ್ನು ಕೋಚ್ ಆಗಿ ಕರೆತಂದರು. ಮರುವರ್ಷ ಅಲನ್ ಶಿಯರರ್ ಬಂದರು. 1994-95ರ ಸಾಲಿನಲ್ಲಿ ಶಿಯರರ್ ಒಬ್ಬರೇ ಲೀಗಿನಲ್ಲಿ 34 ಗೋಲು ಹೊಡೆದರು. ಕೊನೆಯ ದಿನ ಲಿವರ್‌ಪೂಲ್‌ನಲ್ಲಿ ರೋವರ್ಸ್ ಸೋತಿತು. ಆದರೆ ಅದೇ ಹೊತ್ತಿಗೆ ಲಂಡನ್ನಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಗೆಲ್ಲಲಾಗದೆ ಡ್ರಾ ಮಾಡಿಕೊಂಡಿತು. ಪ್ರೀಮಿಯರ್ ಲೀಗ್ ಕಪ್ ನೇಕಾರರ ಊರಿಗೆ ಬಂತು. ವಾಕರ್ 2000ದಲ್ಲಿ ತೀರಿಕೊಂಡರು. ಮೈದಾನದ ಹೊರಗೆ ಇವತ್ತಿಗೂ ಅವರ ಪ್ರತಿಮೆ ಇದೆ.

ಅವರ ನಂತರ ಕ್ಲಬ್ಬನ್ನು ನೋಡಿಕೊಳ್ಳುತ್ತಿದ್ದ ಟ್ರಸ್ಟ್ 2010ರ ನವೆಂಬರಿನಲ್ಲಿ ಅದನ್ನು ವೆಂಕೀಸ್‌ಗೆ ಮಾರಿತು. ಬೆಲೆ ಸುಮಾರು 2 ಕೋಟಿ 30 ಲಕ್ಷ ಪೌಂಡ್. ಒಂದು ತಿಂಗಳೂ ಕಳೆಯಲಿಲ್ಲ, ಕೋಚ್ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದುಹಾಕಿದರು. ತಂಡ ಆಗ 20ರಲ್ಲಿ 13ನೇ ಜಾಗದಲ್ಲಿತ್ತು. ಅಂಥ ಕೆಟ್ಟ ಸ್ಥಿತಿಯೇನೂ ಅಲ್ಲ, ಅಲ್ವಾ? ಅವರ ಜಾಗಕ್ಕೆ ಬಂದವರು ತಂಡದ ಜೊತೆಯಲ್ಲೇ ಕೆಲಸ ಮಾಡುತ್ತಿದ್ದ ಸ್ಟೀವ್ ಕೀನ್. ಪ್ರೀಮಿಯರ್ ಲೀಗಿನ ತಂಡವನ್ನು ಅವರು ಅದಕ್ಕೆ ಮುಂಚೆ ನಡೆಸಿದ್ದೇ ಇಲ್ಲ. ಮರುವರ್ಷ ಸೋಲಿನ ಮೇಲೆ ಸೋಲು. ವಾರವಾರವೂ ಪ್ರತಿಭಟನೆ. ಆ ಹೊತ್ತಿನಲ್ಲೇ ಒಂದು ಜಾಹೀರಾತು ಬಂತು. ಡ್ರೆಸ್ಸಿಂಗ್ ರೂಮಿನಲ್ಲಿ ಜೆರ್ಸಿ ತೊಟ್ಟ ಆಟಗಾರರು ಕೂತು ಕಂಪನಿಯ ಕೋಳಿ ತಿನ್ನುತ್ತಿರೋ ಜಾಹೀರಾತು. ಅದನ್ನು ನೋಡಿದ ಅಭಿಮಾನಿಗೆ ಎಷ್ಟು ಅವಮಾನ ಆಗಿರಬೇಕು ಯೋಚನೆ ಮಾಡಿ. ಅಜ್ಜನ ಕಾಲದಿಂದ ಮನೆಯವರೆಲ್ಲ ತೊಟ್ಟುಕೊಂಡು ಬಂದ ಜೆರ್ಸಿ ಅದು.

ಕೆಳಗಿನ ದರ್ಜೆಗೆ ಬಿದ್ದ ಮೇಲೂ ಗೊಂದಲ ನಿಲ್ಲಲಿಲ್ಲ. 1995ರಲ್ಲಿ ಕಪ್ ಗೆದ್ದ ತಂಡದಲ್ಲಿ ಆಡಿದ್ದ ಹೆನಿಂಗ್ ಬರ್ಗ್ ಕೋಚ್ ಆಗಿ ಬಂದರು. 57 ದಿನಕ್ಕೆ ಅವರನ್ನು ಕಳಿಸಿದರು. ಆಮೇಲೆ ಬಂದ ಮೈಕೆಲ್ ಆಪಲ್ಟನ್ 67 ದಿನ ಇದ್ದರು. 2017ರಲ್ಲಿ ಕ್ಲಬ್ ಮೂರನೇ ದರ್ಜೆಗೆ ಜಾರಿತು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬೊಂದು ಅಷ್ಟು ಕೆಳಗೆ ಬಿದ್ದಿದ್ದು ಅದೇ ಮೊದಲು. ಒಂದೇ ವರ್ಷದಲ್ಲಿ ಎರಡನೇ ದರ್ಜೆಗೆ ಮರಳಿತು. ಪ್ರೀಮಿಯರ್ ಲೀಗ್ ಮಾತ್ರ ಆಮೇಲೆ ಕೈಗೆ ಸಿಕ್ಕಿಲ್ಲ.

ಈಗ ಮಾಲೀಕರ ಕಡೆಯ ಮಾತನ್ನೂ ಹೇಳಬೇಕು. ಅವರು ದುಡ್ಡು ಹಾಕಿಲ್ಲ ಅಂತ ಯಾರೂ ಹೇಳುವ ಹಾಗಿಲ್ಲ. ವರ್ಷಾವರ್ಷ ನಷ್ಟ ತುಂಬಿದ್ದಾರೆ. ಇದುವರೆಗೆ ಹಾಕಿದ್ದು 20 ಕೋಟಿ ಪೌಂಡಿಗಿಂತ ಜಾಸ್ತಿ. ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿ ದಾಟುತ್ತದೆ. ಕ್ಲಬ್ಬನ್ನು ಹಿಂಡಿ ದುಡ್ಡು ಮಾಡಿಕೊಂಡ ಮಾಲೀಕರೂ ಇಂಗ್ಲೆಂಡಿನಲ್ಲಿದ್ದಾರೆ, ಇವರು ಆ ಸಾಲಿನವರಲ್ಲ. ಹಾಗಾಗಿ ಇಲ್ಲಿ ಕೂತವರು ಕೇಳ್ತಾರೆ: ಅಷ್ಟು ದುಡ್ಡು ಸುರಿದಿದ್ದಾರಲ್ಲ, ಇನ್ನೇನು ಬೇಕಂತೆ?

ಅವರಿಗೆ ಬೇಕಿರೋದು ಮಾತು. ಮಾಲೀಕರು ವರ್ಷಗಟ್ಟಲೆ ಎವುಡ್ ಪಾರ್ಕಿನ ಕಡೆ ತಲೆಹಾಕಿಲ್ಲ ಅನ್ನೋದು ಅಭಿಮಾನಿಗಳ ದೊಡ್ಡ ದೂರು. ಏನು ನಡೀತಿದೆ, ಮುಂದೇನು ಅಂತ ಪುಣೆಯಿಂದ ನೇರವಾಗಿ ಉತ್ತರ ಬರೋದು ತೀರಾ ಅಪರೂಪ. ಇದರ ಜೊತೆಗೆ ಇಲ್ಲಿ ಕಂಪನಿಯ ಮೇಲೆ ಜಾರಿ ನಿರ್ದೇಶನಾಲಯದ ತನಿಖೆ ಶುರುವಾಯಿತು. ಇಂಗ್ಲೆಂಡಿಗೆ ದುಡ್ಡು ಕಳಿಸೋಕೆ ದೆಹಲಿ ಹೈಕೋರ್ಟಿನ ಒಪ್ಪಿಗೆ ಪಡೆಯಬೇಕಾಯಿತು. ಲ್ಯಾಂಕಶೈರಿನ ಒಬ್ಬ ನಿವೃತ್ತ ಕೆಲಸಗಾರ ತನ್ನ ತಂಡಕ್ಕೆ ಹೊಸ ಆಟಗಾರ ಬರ್ತಾನೋ ಇಲ್ಲವೋ ತಿಳಿಯೋಕೆ ದೆಹಲಿಯ ಕೋರ್ಟಿನ ಸುದ್ದಿ ಓದಬೇಕಾಯಿತು. 2024ರ ಫೆಬ್ರವರಿಯ ಶುರುವಿನಲ್ಲಿ ಆಡಂ ವಾರ್ಟನ್ ಅನ್ನೋ ಹುಡುಗನನ್ನು ಕ್ರಿಸ್ಟಲ್ ಪ್ಯಾಲೆಸ್‌ಗೆ ಮಾರಿದರು. ಬ್ಲ್ಯಾಕ್‌ಬರ್ನಿನಲ್ಲೇ ಹುಟ್ಟಿ, ಚಿಕ್ಕಂದಿನಿಂದ ಅದೇ ಕ್ಲಬ್ಬಿನಲ್ಲಿ ಕಲಿತ ಹುಡುಗ. ನಾಲ್ಕೈದು ತಿಂಗಳಿಗೆ ಅವನು ಯೂರೋ ಕಪ್ಪಿಗೆ ಹೋದ ಇಂಗ್ಲೆಂಡ್ ತಂಡದಲ್ಲಿದ್ದ. 2025ರ ಫೆಬ್ರವರಿಯಲ್ಲಿ ತಂಡ ಐದನೇ ಜಾಗದಲ್ಲಿತ್ತು, ಮೇಲೇರುವ ಆಸೆ ಚಿಗುರಿತ್ತು. ಆಗ ಕೋಚ್ ಜಾನ್ ಯೂಸ್ಟೇಸ್ ಅದೇ ದರ್ಜೆಯಲ್ಲಿ ತಳ ಹಿಡಿಯುತ್ತಿದ್ದ ಡರ್ಬಿ ತಂಡಕ್ಕೆ ಹೊರಟುಹೋದರು. ಮೇಲೆ ಹತ್ತುತ್ತಿರೋ ತಂಡ ಬಿಟ್ಟು ಮುಳುಗುತ್ತಿರೋ ತಂಡಕ್ಕೆ ಕೋಚ್ ಹೋಗ್ತಾರೆ ಅಂದರೆ ಅಭಿಮಾನಿಗಳು ಏನಂದುಕೊಳ್ಳಬೇಕು?

ಊರ ಜಾತ್ರೆಯ ತೇರಿಗೆ ಹೊಸ ಗಾಲಿ ಮಾಡಿಸಿಕೊಟ್ಟ ಸಾಹುಕಾರರನ್ನು ಊರವರು ಶಾಲು ಹೊದಿಸಿ ಗೌರವಿಸುತ್ತಾರೆ. ಹಾಗಂತ ತೇರು ಯಾವ ಬೀದಿಯಲ್ಲಿ ಹೋಗಬೇಕು ಅಂತ ಅವರೊಬ್ಬರೇ ಹೇಳೋ ಹಾಗಿಲ್ಲ. ಕ್ಲಬ್ಬಿನ ವಿಷಯದಲ್ಲಿ ಕಾನೂನಿನ ಪ್ರಕಾರ ಮಾಲೀಕರು ಹೇಳಬಹುದು. ತೊಡಕಿರೋದು ಅಲ್ಲೇ. ಬೇರೆ ಯಾವುದೇ ವ್ಯಾಪಾರದಲ್ಲಿ ಸಾಮಾನು ಚೆನ್ನಾಗಿಲ್ಲ ಅಂದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗ್ತಾನೆ. ರೋವರ್ಸ್ ಅಭಿಮಾನಿ ಪಕ್ಕದ ಊರಿನ ಬರ್ನ್ಲಿ ಕ್ಲಬ್ಬಿಗೆ ಹೋಗಲಾರ, ಎರಡು ಊರಿಗೂ ನೂರು ವರ್ಷಕ್ಕೂ ಹಳೆಯ ಜಿದ್ದು. ಅವನು ಬಿಟ್ಟುಹೋಗಲ್ಲ ಅಂತ ಮಾಲೀಕರಿಗೂ ಗೊತ್ತು. ಬಿಟ್ಟುಹೋಗಲಾರದವನಿಗೆ ಉಳಿಯೋದು ಕೂಗೋದು ಒಂದೇ.

ಮಾಲೀಕರು ಭಾರತದವರು ಅನ್ನೋದಕ್ಕೆ ಈ ಸಿಟ್ಟು ಅಂತ ಕೆಲವರು ಹೇಳ್ತಾರೆ. ಕ್ರೀಡಾಂಗಣಗಳಲ್ಲಿ ಜನಾಂಗದ್ವೇಷ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಮ್ಯಾಂಚೆಸ್ಟರ್ ಯುನೈಟೆಡ್ ನೋಡಿ. 2005ರಲ್ಲಿ ಅಮೆರಿಕದ ಗ್ಲೇಜರ್ ಕುಟುಂಬ ಸಾಲ ಮಾಡಿ ಅದನ್ನು ಕೊಂಡು, ಆ ಸಾಲದ ಹೊರೆಯನ್ನು ಕ್ಲಬ್ಬಿನ ತಲೆಗೇ ಕಟ್ಟಿತು. ಅಲ್ಲಿನ ಅಭಿಮಾನಿಗಳ ಸಿಟ್ಟು ಇನ್ನೂ ಆರಿಲ್ಲ. ಇನ್ನು ಕೋಲ್ಕತ್ತಾ. 1889ರಲ್ಲಿ ಹುಟ್ಟಿದ ಮೋಹನ್ ಬಾಗಾನ್, 1911ರಲ್ಲಿ ಬರಿಗಾಲಲ್ಲಿ ಆಡಿ ಬ್ರಿಟಿಷ್ ಸೈನಿಕರ ತಂಡವನ್ನು ಸೋಲಿಸಿದ ಕ್ಲಬ್. 2020ರಲ್ಲಿ ಹೊಸ ಮಾಲೀಕರು ಅದರ ಹೆಸರಿನ ಮುಂದೆ ತಮ್ಮ ಇನ್ನೊಂದು ಕ್ಲಬ್ಬಿನ ಹೆಸರು, ಎಟಿಕೆ ಅಂತ ಸೇರಿಸಿದರು. ಎಟಿಕೆ ತೆಗೀರಿ ಅಂತ ಅಭಿಮಾನಿಗಳು ಹಿಡಿದ ಪಟ್ಟು ಬಿಡಲಿಲ್ಲ. 2023ರ ಮಾರ್ಚಿನಲ್ಲಿ ಗೋವಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಗೆದ್ದ ರಾತ್ರಿಯೇ, ಆ ಮೂರು ಅಕ್ಷರ ತೆಗೀತೇವೆ ಅಂತ ಮಾಲೀಕ ಸಂಜೀವ್ ಗೋಯೆಂಕಾ ಘೋಷಿಸಿದರು. ಆ ಸೋಲು ನಮಗೆಲ್ಲ ನೋವು ತಂದಿತ್ತು. ಆದರೂ ಆ ಘೋಷಣೆ ಕೇಳಿದಾಗ ಅಲ್ಲಿನ ಅಭಿಮಾನಿಗಳ ಬಗ್ಗೆ ನನಗೆ ಖುಷಿಯಾಯಿತು.

ಬ್ಲ್ಯಾಕ್‌ಬರ್ನಿಗೆ ಅಂಟಿಕೊಂಡಂತೇ ಡಾರ್ವೆನ್ ಅನ್ನೋ ಊರಿದೆ. 1931ರಲ್ಲಿ ದುಂಡುಮೇಜಿನ ಸಭೆಗೆ ಲಂಡನ್ನಿಗೆ ಹೋಗಿದ್ದ ಗಾಂಧೀಜಿ ಅಲ್ಲಿಗೆ ಹೋದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಆ ಸೀಮೆಯ ಮಿಲ್ಲುಗಳಿಗೆ ಪೆಟ್ಟು ಬಿದ್ದಿತ್ತು, ಜನ ಕೆಲಸ ಕಳೆದುಕೊಂಡಿದ್ದರು. ಅವರ ಎದುರೇ ಕೂತು, ಅವರ ಕಷ್ಟ ಕೇಳಿ, ಭಾರತದ ಬಡತನ ಎಂಥದ್ದು ಅಂತ ವಿವರಿಸಿದರು. ಮಿಲ್ಲಿನ ಹೆಂಗಸರು ಗಾಂಧೀಜಿಯನ್ನು ಸುತ್ತುವರಿದು ಸಂತೋಷದಿಂದ ಕೂಗುತ್ತಿರೋ ಫೋಟೋ ಇದೆ. ಬಹಿಷ್ಕಾರವನ್ನೇನೂ ಅವರು ಹಿಂದೆ ತೆಗೆದುಕೊಳ್ಳಲಿಲ್ಲ. ಎದುರಿಗೆ ಬಂದು ಮಾತಾಡಿದರು, ಅಷ್ಟೇ. ಆ ಸೀಮೆಯ ಜನಕ್ಕೆ ಅಷ್ಟು ದೊಡ್ಡ ಮನಸ್ಸಿದೆ.

ಮಾಲೀಕರನ್ನು ಪ್ರಶ್ನೆ ಮಾಡೋರು ಯಾರೂ ಇಲ್ಲದಿದ್ದರೆ ಏನಾಗುತ್ತದೆ ಅನ್ನೋದಕ್ಕೆ ಅಲ್ಲೇ ಹತ್ತಿರದ ಬರಿ ಅನ್ನೋ ಊರನ್ನು ನೋಡಿ. 1885ರ ಕ್ಲಬ್, ಇಂಗ್ಲೆಂಡಿನ ಹಳೇ ಪಂದ್ಯಾವಳಿಯಾದ ಎಫ್ಎ ಕಪ್ಪನ್ನು ಎರಡು ಸಲ ಗೆದ್ದಿತ್ತು. 2018ರ ಡಿಸೆಂಬರಿನಲ್ಲಿ ಅದು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. ಎಂಟು ತಿಂಗಳಲ್ಲಿ ಸಾಲದಲ್ಲಿ ಮುಳುಗಿತ್ತು. 2019ರ ಆಗಸ್ಟ್ 27, ಲೀಗ್ ಕೊಟ್ಟಿದ್ದ ಕೊನೆಯ ಗಡುವು. ಕ್ಲಬ್ ಉಳಿಯಬಹುದು, ಶನಿವಾರ ಪಂದ್ಯ ನಡೆಯಬಹುದು ಅಂತ ನಂಬಿ ನೂರಾರು ಜನ ಬಕೆಟ್ಟು, ಪೊರಕೆ, ಒರೆಸೋ ಬಟ್ಟೆ ಹಿಡಿದು ಗಿಗ್ ಲೇನ್ ಮೈದಾನಕ್ಕೆ ಬಂದರು. ಕುರ್ಚಿಗಳನ್ನು ಒರೆಸಿದರು, ಮೆಟ್ಟಿಲು ಗುಡಿಸಿದರು. ಆ ರಾತ್ರಿಯೇ ಕ್ಲಬ್ಬನ್ನು ಲೀಗಿನಿಂದ ಹೊರಹಾಕಿದರು. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ಅಭಿಮಾನಿಗಳೇ ಮತ್ತೆ ಕಟ್ಟಿದ ಬರಿ ತಂಡ 2023ರಿಂದ ಅದೇ ಮೈದಾನದಲ್ಲಿ, ತುಂಬಾ ಕೆಳಗಿನ ದರ್ಜೆಯಲ್ಲಿ ಆಡುತ್ತಿದೆ.

ಇಂಥ ಘಟನೆಗಳಿಂದಲೇ ಅಲ್ಲಿನ ಸರ್ಕಾರಕ್ಕೆ ಎಚ್ಚರವಾಯಿತು. 2025ರ ಜುಲೈನಲ್ಲಿ ಫುಟ್‌ಬಾಲ್ ಆಡಳಿತಕ್ಕೆ ಅಂತಲೇ ಒಂದು ಕಾನೂನು ಬಂತು. ಸ್ವತಂತ್ರ ನಿಯಂತ್ರಣ ಸಂಸ್ಥೆಯೊಂದು ಮಾಲೀಕರ ಯೋಗ್ಯತೆ ನೋಡುತ್ತದೆ, ಕ್ಲಬ್ಬಿನ ಲೆಕ್ಕ ನೋಡುತ್ತದೆ. ಲಾಂಛನ, ಜೆರ್ಸಿಯ ಬಣ್ಣ ಬದಲಿಸೋಕೆ ಬಹುಪಾಲು ಅಭಿಮಾನಿಗಳ ಬೆಂಬಲ ಬೇಕು. ಮುಖ್ಯ ವಿಷಯಗಳಲ್ಲಿ ಅವರ ಅಭಿಪ್ರಾಯ ಕೇಳಲೇಬೇಕು. ಒಳ್ಳೇ ಕೆಲಸ. ಕೋಲ್ಕತ್ತಾದ ಅಭಿಮಾನಿಗಳಿಗೆ ಅಂಥ ಕಾನೂನಿನ ಆಸರೆ ಇರಲಿಲ್ಲ. ನಮ್ಮ ಕಂಠೀರವದ ವೆಸ್ಟ್ ಬ್ಲಾಕ್‌ನಲ್ಲಿ ನಿಂತು ಬೆಂಗಳೂರು ಎಫ್‌ಸಿಗಾಗಿ ಹಾಡೋ ಹುಡುಗ ಹುಡುಗಿಯರಿಗೂ ಇಲ್ಲ. ಇಲ್ಲೂ ಅದು ಬರಬೇಕು ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಅಲ್ಲಿಯವರೆಗೆ ಪುಣೆಯವರು ಕಾನೂನಿಗೆ ಕಾಯಬೇಕಿಲ್ಲ. ಮ್ಯಾಂಚೆಸ್ಟರಿನಲ್ಲಿ ವಿಮಾನ ಇಳಿದರೆ ಎವುಡ್ ಪಾರ್ಕ್ ಸುಮಾರು ಒಂದು ಗಂಟೆಯ ದಾರಿ. ಒಂದು ಸಂಜೆ ಹೋಗಿ ಅಭಿಮಾನಿಗಳ ಎದುರು ಕೂರಲಿ. ಕ್ಲಬ್ಬಿನ ತೀರ್ಮಾನಗಳನ್ನು ನಿಜವಾಗಿ ತೆಗೆದುಕೊಳ್ಳೋರು ಯಾರು? ಊರಿನ ಹುಡುಗರನ್ನು ಮಾರಿದ ದುಡ್ಡು ಎಲ್ಲಿಗೆ ಹೋಗುತ್ತದೆ? ಒಳ್ಳೇ ಕೊಳ್ಳುವವರು ಬಂದರೆ ಕ್ಲಬ್ಬನ್ನು ಬಿಟ್ಟುಕೊಡ್ತೀರಾ? ಇಷ್ಟಕ್ಕೆ ನೇರ ಉತ್ತರ ಕೊಟ್ಟು ಬರಲಿ.

ನಮಸ್ಕಾರ.