ತಳ ಖಡಕ್ ಇದೆಯಾ, ಅದನ್ನ ಮೊದಲು ಹೇಳಿ

ನಮಸ್ಕಾರ, ಹುಬ್ಬಳ್ಳಿಯಿಂದ ಮತ್ತೆ ಬಂದಿದ್ದೇನೆ, ಈ ಸಲ ಎರಡೂ ಕಾಲಿನ ಮೇಲೆ ನಿಂತು. ಹೋದ ವಿಡಿಯೋದಲ್ಲಿ ನನ್ನ ಪಾದದ ಆಪರೇಷನ್ ಕಥೆ, ಆಮೇಲೆ ಡಾಕ್ಟರು ಬರೆದುಕೊಟ್ಟ ಗಟ್ಟಿ ತಳದ ಬೂಟಿನ ಕಥೆ ಹೇಳಿದ್ದೆ. ಅದರ ಕೆಳಗೆ ಒಬ್ಬರು ಬರೆದಿದ್ದಾರೆ, "ಅಣ್ಣಾರ, ಆ ರೋಬೋಟ್ ಬೂಟಿಗೆ ಯಾಕ ರೊಕ್ಕ ಹಾಳ ಮಾಡಿದ್ರಿ? ಮೆಡಿಕಲ್‌ನ್ಯಾಗ 300 ರೂಪಾಯಿಗೆ ಆಂಕ್ಲೆಟ್ ಸಿಗತೈತಿ. ಬಿಗಿಯಾಗಿ ಏರಿಸಿದ್ರ ಮುಗೀತು." ಆಂಕ್ಲೆಟ್ ಅಂದರೆ ಹರಡಿಗೆ, ಅಂದರೆ ಪಾದದ ಮೇಲಿನ ಕೀಲಿಗೆ, ಏರಿಸುವ ಎಲಾಸ್ಟಿಕ್ ಪಟ್ಟಿ. ಆ ಕಾಮೆಂಟಿಗೆ 40 ಲೈಕ್. ನಲವತ್ತು! ನನ್ನ ವಿಡಿಯೋಗೇ ಅಷ್ಟು ಬಿದ್ದಿಲ್ಲ. ಊಟಕ್ಕೆ ಕೂತವನು ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ಉತ್ತರ ಟೈಪ್ ಮಾಡಲು ಶುರು ಮಾಡಿದೆ. ನಮ್ಮವ್ವ, "ಮೊದಲ ಉಣ್ಣು, ಆಮ್ಯಾಲ ಜಗಳಾಡು" ಅಂದಳು. ಉಂಡೆ. ಈಗ ಜಗಳ.

ನಾನು ಹೇಳುವುದು ಒಂದೇ ಮಾತು. ಪಾದದ ಆಪರೇಷನ್ ಆದವರಿಗೆ ಸಪೋರ್ಟ್ ಬೇಕಾಗಿರುವುದು ಪಾದದ ಸುತ್ತ ಅಲ್ಲ, ಪಾದದ ಕೆಳಗೆ. ತಳ ಖಡಕ್ ರೊಟ್ಟಿ ಇದ್ದ ಹಾಗೆ ಇರಬೇಕು. ಹೋಳಿಗೆ ಹಾಗೆ ಮಡಚಿಕೊಂಡರೆ ಅದು ಸಪೋರ್ಟ್ ಅಲ್ಲ, ದುಬಾರಿ ಕಾಲುಚೀಲ.

ಯಾಕೆ ಅಂತ ಕೇಳಿ. ಒಂದು ಪಾದದಲ್ಲಿ 26 ಮೂಳೆ ಇವೆ. ನೀವು ಹೆಜ್ಜೆ ಎತ್ತುವಾಗ ಹಿಮ್ಮಡಿ ಮೇಲೇಳುತ್ತದೆ, ಭಾರ ಮುಂಗಾಲಿಗೆ ಬರುತ್ತದೆ, ಬೆರಳುಗಳ ಬುಡದಲ್ಲಿ ಪಾದ ಬಗ್ಗುತ್ತದೆ. ಹೆಬ್ಬೆರಳ ಬುಡದ ಗಂಟು ಸರಿ ಮಾಡಿಸಿದವರಿಗೆ, ಮುಂಗಾಲಿನ ಮೂಳೆಗೆ ಪ್ಲೇಟೋ ಸ್ಕ್ರೂವೋ ಹಾಕಿಸಿಕೊಂಡವರಿಗೆ, ಡಾಕ್ಟರು ಕೆಲಸ ಮಾಡಿರುವುದು ಆ ಮುಂಗಾಲಿನಲ್ಲೇ. ಆಂಕ್ಲೆಟ್ ಎಲ್ಲಿ ಕೂರುತ್ತದೆ? ಹರಡಿನ ಸುತ್ತ. ಪಾದ ಪಕ್ಕಕ್ಕೆ ಹೊರಳದ ಹಾಗೆ ಅಷ್ಟಿಷ್ಟು ಹಿಡಿಯುತ್ತದೆ, ಸರಿ. ಮುಂಗಾಲು ಬಗ್ಗುವುದನ್ನು ಅದು ತಡೆಯುವುದಿಲ್ಲ. ಮನೆಯ ಹಿಂದಿನ ಗೋಡೆ ಬಿದ್ದರೆ ಮುಂದಿನ ಬಾಗಿಲಿಗೆ ಚಿಲಕ ಹಾಕಿದ ಹಾಗಾಯಿತು.

ಇದನ್ನು ನಾನು ಪುಸ್ತಕ ಓದಿ ಕಲಿತಿಲ್ಲ, ಪಾದ ಕೊಟ್ಟು ಕಲಿತೆ. ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ದುರ್ಗದಬೈಲಿನಿಂದ ಗಿರ್ಮಿಟ್ ಕಟ್ಟಿಸಿಕೊಂಡು ಬಂದು, ಮನೆಯ ಮೆಟ್ಟಿಲಲ್ಲಿ ಜಾರಿ, ಕಿರುಬೆರಳಿನಿಂದ ಹಿಂದಕ್ಕೆ ಹೋಗುವ ಉದ್ದ ಮೂಳೆ, ಅಂದರೆ ಐದನೇ ಮೆಟಾಟಾರ್ಸಲ್, ಬುಡದ ಹತ್ತಿರ ಮುರಿದುಕೊಂಡೆ. ಗಿರ್ಮಿಟ್ ಏನೂ ಆಗಲಿಲ್ಲ, ಮಿರ್ಚಿನೂ ಸೇಫ್. ಈ ಮುರಿತಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅನ್ನುತ್ತಾರೆ. ಸರ್ ರಾಬರ್ಟ್ ಜೋನ್ಸ್ ಅಂತ ಬ್ರಿಟನ್ನಿನ ಸರ್ಜನ್, ಕುಣಿಯುವಾಗ ತಮ್ಮದೇ ಪಾದ ಮುರಿದುಕೊಂಡು, 1902ರಲ್ಲಿ ಅದರ ಬಗ್ಗೆ ಬರೆದರು. ಅವರು ಕುಣಿದು ಮುರಿದುಕೊಂಡರು, ನಾನು ತಿನ್ನೋ ಆಸೆಗೆ ಮುರಿದುಕೊಂಡೆ. ಆ ಜಾಗಕ್ಕೆ ರಕ್ತ ಓಡಾಡುವುದು ಕಡಿಮೆ, ಹಾಗಾಗಿ ಕೂಡಲು ಜಾಸ್ತಿ ದಿನ ಬೇಕು. ಸ್ಕ್ರೂ ಹಾಕಿದರು. ಗಟ್ಟಿ ತಳದ ಬೂಟು ಬರೆದುಕೊಟ್ಟರು.

ನಾನು ಏನು ಮಾಡಿದೆ? ಕೆಲವು ವಾರ ಬೂಟು ಹಾಕಿದೆ, ಬೇಸರ ಬಂತು. ಒಂದು ಅಂಗಡಿಗೆ ಹೋದೆ. ಅಂಗಡಿಯವರು, "ಸರ್, ಇದು ಹಾಕ್ಕೊಳ್ಳಿ, ಕ್ರಿಕೆಟ್ ಆಡೋರೆಲ್ಲ ಇದನ್ನೇ ಹಾಕ್ತಾರ" ಅಂತ ಆಂಕ್ಲೆಟ್ ಕೊಟ್ಟರು. ನಾನು ಕ್ರಿಕೆಟ್ ಆಡ್ತೀನಾ? ಮೇಲೆ ಮೆತ್ತನೆಯ ಶೂ ಹಾಕಿ, ರಾಜನ ಹಾಗೆ ಉಣಕಲ್ ಕೆರೆ ಸುತ್ತ ಅರ್ಧ ದಾರಿ ನಡೆದೆ. ಉಳಿದರ್ಧ ಆಟೋದಲ್ಲಿ. ರಾತ್ರಿ ಪಾದ ಬದನೆಕಾಯಿ ಹಾಗೆ ಊದಿತ್ತು. ಮತ್ತೆ ಎಕ್ಸ್‌ರೇ, ಮತ್ತೆ ಬೈಗುಳ, ಬೂಟು ಇನ್ನೂ 4 ವಾರ. ಡಾಕ್ಟರು ಆಂಕ್ಲೆಟ್ಟನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದರಲ್ಲಿ ತಳ ಎಲ್ಲಿದೆ ತೋರಿಸಿ" ಅಂದರು. ಅವತ್ತಿನಿಂದ ನನಗೆ ಈ ಹುಚ್ಚು ಹಿಡಿದಿದೆ. ಮದುವೆ ಮನೆಯಲ್ಲೂ ಜನರ ಚಪ್ಪಲಿ ತಿರುಗಿಸಿ ನೋಡುತ್ತೇನೆ.

ಅಂದ ಹಾಗೆ, ಖಡಕ್ ಅಂದರೆ ಏನು ಅಂತ ಅನುಮಾನ ಇದ್ದವರಿಗೆ ನಮ್ಮವ್ವನ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕೊರಿಯರ್ ಮಾಡುತ್ತೇವೆ. ನಂಬರ್ ಕೆಳಗಿದೆ. ಚಾನೆಲ್ ಸಬ್‌ಸ್ಕ್ರೈಬ್ ಮಾಡಿದವರಿಗೆ ಡಿಸ್ಕೌಂಟ್ ಇಲ್ಲ, ಪ್ರೀತಿ ಇದೆ.

ಸರಿ, ಅಂಗಡಿಗೆ ಹೋದಾಗ ಏನು ಮಾಡಬೇಕು? ಅದಕ್ಕೂ ಮೊದಲು ಡಾಕ್ಟರನ್ನು ಒಂದು ಪ್ರಶ್ನೆ ಕೇಳಿ: ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಏನೂ ಬೇಡ ಅಂದರೆ ಏನೂ ಬೇಡ, ಆಗ ಯಾವ ಬೂಟು ಹಾಕಿದರೂ ಊರಬಾರದು, ವಾಕರ್ ಅಥವಾ ಊರುಗೋಲು ಹಿಡಿದು ಒಂಟಿ ಕಾಲಲ್ಲೇ ಓಡಾಟ. ಸ್ವಲ್ಪ ಹಾಕಿ ಅಂದರೆ, ತೂಕದ ಮಷಿನ್ ಮೇಲೆ ಆ ಕಾಲನ್ನು ಮೆಲ್ಲಗೆ ಒತ್ತಿ, ಅವರು ಹೇಳಿದ ಕಿಲೋ ಅಂದರೆ ಎಷ್ಟು ಅಂತ ಕಾಲಿಗೆ ಅಭ್ಯಾಸ ಮಾಡಿಸಿ. ನಾನು "ಸ್ವಲ್ಪ" ಅಂದುಕೊಂಡು ಒತ್ತಿದ್ದು ನೋಡಿದರೆ, ಮುಳ್ಳು ಅರ್ಧ ಮೈ ಭಾರ ದಾಟಿತ್ತು. ಮನಸ್ಸಿನ ಲೆಕ್ಕ ನಂಬಬೇಡಿ.

ಆಮೇಲೆ ಅಂಗಡಿ. ಸಂಜೆ ಹೋಗಿ, ಬಾವು ಜಾಸ್ತಿ ಇರುವುದು ಆಗ. ಬ್ಯಾಂಡೇಜ್ ಸಮೇತ ಹಾಕಿ ನೋಡಿ. ಆದರೆ ಹಾಕುವ ಮೊದಲು ಬೂಟನ್ನು ಕೈಯಲ್ಲಿ ಹಿಡಿಯಿರಿ, ಒಂದು ಕೈ ಹಿಮ್ಮಡಿ ಕಡೆ, ಒಂದು ಕೈ ಬೆರಳ ಕಡೆ, ರೊಟ್ಟಿ ಮುರಿದ ಹಾಗೆ ಬಗ್ಗಿಸಿ. ಬಗ್ಗಿತಾ? ವಾಪಸ್ ಇಡಿ. ಟವೆಲ್ ಹಿಂಡಿದ ಹಾಗೆ ತಿರುಚಿ. ತಿರುಚಿತಾ? ವಾಪಸ್ ಇಡಿ. ಅಂಗಡಿಯವರು ಗುರಾಯಿಸುತ್ತಾರೆ, ಗುರಾಯಿಸಲಿ. ತಳದ ಅಡಿ ದೋಣಿಯ ಹಾಗೆ ಸ್ವಲ್ಪ ಉಬ್ಬಿದ್ದರೆ (ಇದಕ್ಕೆ ರಾಕರ್ ಅನ್ನುತ್ತಾರೆ) ಇನ್ನೂ ಒಳ್ಳೆಯದು, ಪಾದ ಬಗ್ಗುವ ಬದಲು ಉರುಳಿಕೊಂಡು ಮುಂದೆ ಹೋಗುತ್ತದೆ. ತಳ ನೋಡಿ, ತಳ! ಬಣ್ಣ ಆಮೇಲೆ.

ಇಲ್ಲಿ ಒಂದು ನಿಜ ಒಪ್ಪಿಕೊಳ್ಳುತ್ತೇನೆ. ಗಟ್ಟಿ ತಳದ ಬೂಟು ಎತ್ತರ. ಆ ಕಾಲು ಒಂದೆರಡು ಇಂಚು ಮೇಲೆ, ಇನ್ನೊಂದು ಕಾಲು ನೆಲದಲ್ಲಿ ಸ್ಲಿಪ್ಪರ್ ಹಾಕಿಕೊಂಡು. ಸೊಂಟ ಹಿಡಿದುಕೊಳ್ಳುತ್ತದೆ. ನಾನು ಒಂದು ವಾರ ಇದು ಗ್ಯಾಸು ಅಂದುಕೊಂಡು ಓಮ ಅಗಿದೆ. ನಮ್ಮ ಹುಬ್ಬಳ್ಳಿ ಸ್ಟೇಷನ್ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದ ಅಂತ ನಾವೆಲ್ಲ ಎದೆ ಉಬ್ಬಿಸುತ್ತೇವಲ್ಲ, ಕೋಚ್ ಆ ತುದಿಯಲ್ಲಿ ಬಂದಾಗ ಬೂಟು ಹಾಕಿಕೊಂಡು ನಡೆದು ನೋಡಿ, ಹೆಮ್ಮೆ ಎಲ್ಲ ಸೊಂಟಕ್ಕೆ ಇಳಿಯುತ್ತದೆ. ಪರಿಹಾರ ಏನು? ಒಳ್ಳೆ ಕಾಲಿಗೂ ದಪ್ಪ ತಳದ ಶೂ ಹಾಕಿ, ಎರಡೂ ಕಾಲು ಸಮ ಆಗಲಿ. ನೋಡಿದಿರಾ, ಅಲ್ಲಿಯೂ ಉತ್ತರ ತಳವೇ!

ಇನ್ನೊಬ್ಬರ ಕಾಮೆಂಟ್. "ಎಂ.ಸಿ.ಆರ್. ಚಪ್ಪಲಿ ಮೆತ್ತಗಿರುತ್ತದೆ, ಡಾಕ್ಟರುಗಳೇ ಕೊಡುತ್ತಾರೆ, ಅದಕ್ಕೇನಂತೀರಿ?" ಒಳ್ಳೆ ಪ್ರಶ್ನೆ, ಇಂಥವರು ಜಾಸ್ತಿ ಇರಬಾರದು. ಎಂ.ಸಿ.ಆರ್. ಅಂದರೆ ಮೈಕ್ರೋ ಸೆಲ್ಯುಲರ್ ರಬ್ಬರ್. ಮೆತ್ತನೆಯ ಆ ರಬ್ಬರ್ ಇರುವುದು ಸ್ಪರ್ಶ ಕಳೆದುಕೊಂಡ ಪಾದಗಳಿಗೆ. ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಕುಷ್ಠರೋಗ ಬಂದವರ ಪಾದದ ಹುಣ್ಣುಗಳ ಮೇಲೆ ವರ್ಷಗಟ್ಟಲೆ ದುಡಿದವರು. ಅಂಥ ಪಾದಕ್ಕೆ ಒತ್ತಡ ಒಂದೇ ಕಡೆ ಬೀಳಬಾರದು, ಅದಕ್ಕೆ ಮೆತ್ತನೆ. ಆದರೆ ಮೆತ್ತನೆಯ ಪದರದ ಕೆಳಗೆ ಏನಿರುತ್ತದೆ? ಗಟ್ಟಿ ತಳ! ಶುಗರ್ ಇದ್ದು ಪಾದ ಮರಗಟ್ಟಿದವರು ದಿನಾ ಬೂಟಿನ ಒಳಗೆ ಕೈ ಹಾಕಿ ಹರಳು ಇದೆಯಾ ನೋಡಬೇಕು, ಪಾದ ಕೆಂಪಾಗಿದೆಯಾ ನೋಡಬೇಕು, ಅವರಿಗೆ ನೋವು ಬಂದು ಎಚ್ಚರಿಸುವುದಿಲ್ಲ. ಇದರಲ್ಲಿ ನಾನು ಜೋಕ್ ಮಾಡುವುದಿಲ್ಲ.

ಉಳಿದದ್ದರಲ್ಲಿ ಮಾಡುತ್ತೇನೆ. "ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿದರೆ ಸಾಕಲ್ವಾ?" ಸಾಕು, ಬೆರಳು ನೀಲಿ ಆಗಲು ಸಾಕು. ಅದು ಇರುವುದು ಬಾವು ಇಳಿಸಲು, ಬೆರಳ ಕಡೆಯಿಂದ ಮೇಲಕ್ಕೆ ಸುತ್ತಬೇಕು, ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಬಿಚ್ಚಬೇಕು. "ಹರಡಿನ ಲಿಗಮೆಂಟ್ ಆಪರೇಷನ್ ಆದವರಿಗೆ ಪಕ್ಕದ ಪಟ್ಟಿಯ ಬ್ರೇಸ್ ಬೇಕಲ್ವಾ?" ಬೇಕು ಮಾರಾಯರೇ, ಬೇಕು, ಅದು ಬೇರೆ ಕಥೆ, ನಾನು ಮಾತಾಡುತ್ತಿರುವುದು ಪಾದದ ಬಗ್ಗೆ, ನೀವು ಬೇಕಂತಲೇ ಮೇಲಕ್ಕೆ ಹತ್ತುತ್ತಿದ್ದೀರಿ. "ಬೇಸಿಗೆಯಲ್ಲಿ ಬೂಟು ಬಿಸಿ." ಹೌದು, ಬಿಸಿ. ಗದಗಿನಲ್ಲಿ ಮೇ ತಿಂಗಳಲ್ಲಿ ಚಪ್ಪಲಿಯೂ ಬಿಸಿ, ನೆಲವೂ ಬಿಸಿ, ನನ್ನ ಸೋದರಮಾವನೂ ಬಿಸಿ. ಹತ್ತಿ ಕಾಲುಚೀಲ ಹಾಕಿ, ಕೂತಾಗ ಕಾಲು ಎದೆಗಿಂತ ಮೇಲಿಡಿ.

"ಮೆಮೊರಿ ಫೋಮ್ ಶೂ ಹಾಯಾಗಿರುತ್ತದೆ ಸರ್." ಹಾಯಾಗಿರಲು ಪಾದ ಗೋವಾಕ್ಕೆ ಹೋಗಿದೆಯೇನ್ರಿ? ಅದರೊಳಗೆ ಸ್ಕ್ರೂ ಇದೆ! ಫೋಮ್‌ಗೆ ನೆನಪಿನ ಶಕ್ತಿ ಇದೆಯಂತೆ, ನಿಮಗೆ ಡಾಕ್ಟರು ಹೇಳಿದ್ದು ನೆನಪಿಲ್ಲ. ತಳ! ಎಷ್ಟು ಸಲ ಹೇಳಲಿ, ತಳ, ತಳ, ತಳ.

ಇನ್ನೊಂದು ದೊಡ್ಡ ಕಾರಣ ಇತ್ತು, ಸ್ಕ್ರಿಪ್ಟಿನಲ್ಲಿ ಬರೆದಿದ್ದೆ, ಆ ಹಾಳೆಯ ಮೇಲೆ ಚಹಾ ಚೆಲ್ಲಿದೆ. "ರಾಕರ್" ಅಂತ ಕಾಣುತ್ತಿದೆ, ಮುಂದೆ "ಬೆರಳು", ಆಮೇಲೆ ಬರೀ ಕಲೆ. ಬಿಡಿ, ಕಾರಣ ಇಲ್ಲದಿದ್ದರೂ ನಾನು ಹೇಳಿದ್ದೇ ಸರಿ. ಆ 40 ಲೈಕ್ ಕೊಟ್ಟವರು ಒಬ್ಬೊಬ್ಬರಾಗಿ ಬನ್ನಿ, ನಿಮ್ಮ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬನ್ನಿ, ಬಗ್ಗಿಸಿ ತೋರಿಸುತ್ತೇನೆ. ಒಳಗಿನಿಂದ ನಮ್ಮವ್ವ ಕೂಗುತ್ತಿದ್ದಾಳೆ, ಕ್ಯಾಮೆರಾ ಹತ್ತಿರ ಚಪ್ಪಲಿ ತರಬೇಡ ಅಂತ. ಇರು ಅವ್ವಾ, ಇದು ಡೆಮೊ... ಬಂದೆ, ಬಂದೆ.