ಅಲಾರಂ ಕೂಗಿದ ಕೂಡಲೇ ಪೊಲೀಸರು ಬರಬೇಕೇ?

ಎಲ್ಲರಿಗೂ ನಮಸ್ಕಾರ. ಸಿಯಾಟಲ್‌ನ ಈ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ತುಂಬಾ ಸಂತೋಷ. ಡಿಸೆಂಬರ್ ರಜೆಗೆ ನಮ್ಮಲ್ಲಿ ಅರ್ಧ ಜನ ಮನೆಗೆ ಬೀಗ ಹಾಕಿ ಊರಿಗೆ ಹೊರಡುತ್ತೇವೆ. ಅದಕ್ಕೆ ಮುಂಚೆ, ಮನೆಯ ಕಳ್ಳತನದ ಅಲಾರಂ ಕೂಗಿದರೆ ಪೊಲೀಸರು ಬರಬೇಕೇ ಅನ್ನುವ ವಿಷಯ ಮಾತಾಡೋಣ ಅಂತ ಕೇಳಿಕೊಂಡಿದ್ದು ನಾನೇ.

ಮೊದಲು ಒಂದು ಬೆಳಗಿನ ಕಥೆ ಹೇಳುತ್ತೇನೆ. ಆಗ ನಾವಿದ್ದದ್ದು ಬೇರೆ ಊರಲ್ಲಿ. ನಮ್ಮತ್ತೆ ಶಿವಮೊಗ್ಗದಿಂದ ಬಂದು ಮೂರು ದಿನ ಆಗಿತ್ತು. ಹಗಲು ರಾತ್ರಿ ಇನ್ನೂ ಹೊಂದಿಕೊಂಡಿರಲಿಲ್ಲ. ಐದೂವರೆಗೇ ಎದ್ದು, ಸ್ನಾನ ಮಾಡಿ, ರಂಗೋಲಿ ಹಾಕೋಣ ಅಂತ ಮುಂಬಾಗಿಲು ತೆಗೆದರು. ಅಲಾರಂನ ಸೈರನ್ ಹೊಡೆದುಕೊಂಡಿತು. ನಾವು ಓಡಿ ಬಂದು ಕೋಡ್ ಒತ್ತಿ ನಿಲ್ಲಿಸಿದೆವು. ಮೇಲೆ ಕೋಣೆಯಲ್ಲಿದ್ದ ಫೋನು ಸೈಲೆಂಟ್‌ನಲ್ಲಿತ್ತು. ಅಲಾರಂ ಕಂಪನಿಯವರು ಫೋನ್ ಮಾಡಿದ್ದಾರೆ, ನಾವು ಎತ್ತಿಲ್ಲ, ಅವರು ಪೊಲೀಸರಿಗೆ ಹೇಳಿದ್ದಾರೆ. ನಮಗದು ಗೊತ್ತೇ ಇಲ್ಲ.

ಅತ್ತೆ ಹೊರಗೆ ಕೂತು ರಂಗೋಲಿ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಇಬ್ಬರು ಪೊಲೀಸರು ಬಂದರು. ಇನ್ನೂ ಕತ್ತಲು. ಒಬ್ಬರ ಟಾರ್ಚು ಅತ್ತೆಯ ಮುಖದ ಮೇಲೆ, ಇನ್ನೊಬ್ಬರ ಕೈ ಸೊಂಟದ ಪಿಸ್ತೂಲಿನ ಮೇಲೆ. ಕೈ ತೋರಿಸಿ ಅಂತ ಕೂಗಿದರು. ಅತ್ತೆಗೆ ಇಂಗ್ಲಿಷ್ ಬರಲ್ಲ. ಎದ್ದು ನಿಂತರು, ಬಲಗೈ ಮುಷ್ಟಿ ಹಾಗೇ ಬಿಗಿ ಹಿಡಿದುಕೊಂಡರು. ಪುಡಿ ಚೆಲ್ಲಿ ಎಳೆದ ಗೆರೆ ಕೆಡುತ್ತದೆ ಅಂತ! ನನ್ನ ಹೆಂಡತಿ ಓಡಿ ಬಂದು, 'ಅಮ್ಮಾ, ಕೈ ಬಿಚ್ಚು, ಕೈ ಬಿಚ್ಚು' ಅಂತ ಕಿರುಚಿದಳು. ಮುಷ್ಟಿ ಬಿಚ್ಚಿತು. ಬಿಳಿ ಪುಡಿ ಕೆಳಗೆ ಬಿತ್ತು. ನನಗೆ ಆ ಎರಡು ಕ್ಷಣ ಇವತ್ತಿಗೂ ನಿದ್ದೆಯಲ್ಲಿ ಬರುತ್ತದೆ.

ಆ ಪೊಲೀಸರದ್ದು ತಪ್ಪು ಅಂತ ನಾನು ಹೇಳಲ್ಲ. ಅವರಿಗೆ ಸಿಕ್ಕ ಮಾಹಿತಿ ಒಂದೇ: ಈ ಮನೆಯಲ್ಲಿ ಕಳ್ಳತನದ ಅಲಾರಂ ಆಗಿದೆ. ಯಾರೂ ಏನನ್ನೂ ನೋಡಿರಲಿಲ್ಲ. ಬಾಗಿಲಿಗೆ ಅಂಟಿಸಿದ ಒಂದು ಅಯಸ್ಕಾಂತದ ತುಂಡು ಚೌಕಟ್ಟಿನ ಸೆನ್ಸರ್‌ನಿಂದ ದೂರ ಸರಿಯಿತು, ಅಷ್ಟೇ.

ಇದರ ಒಳಗುಟ್ಟು ನನಗೆ ಗೊತ್ತು. ಮನೆಗಳ ಅಲಾರಂ ಸಂದೇಶ ಬಂದು ಸೇರುವ ಕಡೆ, ಅಂದರೆ ಅಲಾರಂ ಕಂಪನಿಯೊಂದರ ಮಾನಿಟರಿಂಗ್ ಸೆಂಟರ್‌ನಲ್ಲಿ, ಆರು ವರ್ಷ ರಾತ್ರಿ ಪಾಳಿ ಮಾಡಿದ್ದೇನೆ. ಗೋಡೆ ಮೂಲೆಯಲ್ಲಿ ಇರುತ್ತಲ್ಲ ಮೋಷನ್ ಸೆನ್ಸರ್, ಅದು ಮನುಷ್ಯನನ್ನು ನೋಡುವುದಿಲ್ಲ. ಬಿಸಿ ಇರುವ ವಸ್ತು ಕದಲಿದರೆ ಅದಕ್ಕೆ ತಿಳಿಯುತ್ತದೆ. ಮಗುವಿನ ಹುಟ್ಟುಹಬ್ಬದ ಬಲೂನು ಹೀಟರ್ ಗಾಳಿಗೆ ತೇಲಿದರೂ ಅದಕ್ಕೆ ಕಳ್ಳನೇ. ಆದರೆ ಯಂತ್ರಕ್ಕಿಂತ ನಮ್ಮಿಂದಲೇ ಜಾಸ್ತಿ ಸುಳ್ಳು ಅಲಾರಂ ಆಗುವುದು. ಕೋಡ್ ಮರೆತವರು, ಕಿಟಕಿ ಸರಿಯಾಗಿ ಹಾಕದವರು, ಕೆಲಸದವರಿಗೆ ಕೀ ಕೊಟ್ಟು ಕೋಡ್ ಕೊಡದವರು. ನಾವು ಫೋನ್ ಮಾಡುತ್ತಿದ್ದೆವು. ಎತ್ತದಿದ್ದರೆ ಪೊಲೀಸ್. ನಮ್ಮ ಕೆಲಸ ಅಲ್ಲಿಗೆ ಮುಗಿಯಿತು, ಖರ್ಚು ಊರಿನ ತಲೆಗೆ ಬಿತ್ತು.

ಎಷ್ಟು ಖರ್ಚು? ಅಮೆರಿಕದ ನ್ಯಾಯ ಇಲಾಖೆಗಾಗಿ ರಾಣಾ ಸ್ಯಾಂಪ್ಸನ್ ಬರೆದ ಕೈಪಿಡಿಯ ಪ್ರಕಾರ, 2002ರಲ್ಲಿ ಈ ದೇಶದ ಪೊಲೀಸರು ಸುಮಾರು 3.6 ಕೋಟಿ ಅಲಾರಂ ಕರೆಗಳಿಗೆ ಹೋದರು. ನೂರಕ್ಕೆ 94ರಿಂದ 98 ಸುಳ್ಳು. ಒಂದೊಂದಕ್ಕೂ ಸಾಮಾನ್ಯವಾಗಿ ಇಬ್ಬರ ಇಪ್ಪತ್ತು ನಿಮಿಷ. ನೀವೇ ಲೆಕ್ಕ ಹಾಕಿ. ಸಾವಿರ ಸುಳ್ಳು ಕರೆ ಅಂದರೆ 660 ಗಂಟೆಗೂ ಜಾಸ್ತಿ. ಅಷ್ಟು ಹೊತ್ತೂ ಇನ್ನೆಲ್ಲೋ ಗಂಡನ ಹೊಡೆತ ತಿನ್ನುತ್ತಾ ತುರ್ತು ನಂಬರ್ 911ಕ್ಕೆ ಫೋನ್ ಮಾಡಿದ ಹೆಣ್ಣುಮಗಳು ಕಾಯುತ್ತಾಳೆ. ಅವಳ ಮನೆಯಲ್ಲಿ ಅಲಾರಂ ಇರಲಿಕ್ಕಿಲ್ಲ, ಆದರೂ ತೆರಿಗೆ ಅವಳೂ ಕಟ್ಟುತ್ತಾಳೆ. ನನಗೆ ಸಿಟ್ಟು ಬರುವುದು ಇಲ್ಲೇ.

ಅಲಾರಂ ಕೂಗಿದ ಕೂಡಲೇ ಪೊಲೀಸರು ಹೋಗುವ ಈ ಪದ್ಧತಿಯನ್ನು ಲಾಸ್ ವೇಗಸ್ ನಗರ 1991ರಲ್ಲೇ ಬದಲಿಸಿತು. ಸಾಲ್ಟ್ ಲೇಕ್ ಸಿಟಿ 2000ದ ಡಿಸೆಂಬರ್‌ನಲ್ಲಿ ಕಾನೂನನ್ನೇ ತಂದಿತು. ಅಲ್ಲಿ ಅಲಾರಂ ಆದರೆ ಮೊದಲು ಹೋಗಿ ನೋಡುವವರು ಖಾಸಗಿ ಕಾವಲಿನವರು ಅಥವಾ ಮನೆಯವರು. ಒಡೆದ ಗಾಜು ಕಂಡರೆ, ಯಾರೋ ಒಳಗಿದ್ದಾರೆ ಅನ್ನಿಸಿದರೆ, ಆಗ ಪೊಲೀಸರು. ಅಲಾರಂ ಕರೆಗಳು ಸುಮಾರು ಶೇ. 90ರಷ್ಟು ಇಳಿದವು. ಎಲ್ಲಾ ಕಡೆ ಇದು ಸುಲಭವಾಗಿ ನಿಲ್ಲಲಿಲ್ಲ. ಡಲ್ಲಾಸ್ 2006ರಲ್ಲಿ ಅಂಗಡಿ, ಕಚೇರಿಗಳಿಗೆ ಇದೇ ನಿಯಮ ತಂದು ಮರುವರ್ಷ ಕೈಬಿಟ್ಟಿತು.

ಈಗ ನಮ್ಮ ಸಿಯಾಟಲ್. 2023ರಲ್ಲಿ ಇಲ್ಲಿನ ಪೊಲೀಸರಿಗೆ ಬಂದ ಅಲಾರಂ ಕರೆ 13,000. ನಿಜವಾಗಿ ಅಪರಾಧ ನಡೆದು, ಬಂಧನವೋ ವರದಿಯೋ ಆದದ್ದು ಶೇ. 4ಕ್ಕಿಂತ ಕಡಿಮೆ. ಆಗ ಇಲ್ಲಿನ ಪೊಲೀಸ್ ಇಲಾಖೆಯ ಹಂಗಾಮಿ ಮುಖ್ಯಸ್ಥೆಯಾಗಿದ್ದ ಸ್ಯೂ ರಾರ್ ಅಲಾರಂ ಕಂಪನಿಗಳಿಗೆ ಪತ್ರ ಬರೆದರು. 2024ರ ಅಕ್ಟೋಬರ್ 1ರಿಂದ ಬರೀ ಸೆನ್ಸರ್ ಕೂಗಿದರೆ ಪೊಲೀಸರು ಬರುವುದಿಲ್ಲ. ವಿಡಿಯೋ, ಶಬ್ದ, ಅಪಾಯದಲ್ಲಿದ್ದವರು ತಾವೇ ಒತ್ತುವ ಪ್ಯಾನಿಕ್ ಬಟನ್, ಇಲ್ಲವೇ ಕಣ್ಣಾರೆ ಕಂಡವರು, ಇವುಗಳಲ್ಲಿ ಏನಾದರೂ ಇರಬೇಕು. ನಮ್ಮವರಲ್ಲೇ ಎಷ್ಟೋ ಜನ, ಇನ್ನು ಕಳ್ಳರಿಗೆ ಹಬ್ಬ ಅಂದರು. ನಾನು ಹಾಗೆ ಅಂದುಕೊಳ್ಳುವುದಿಲ್ಲ. ಈ ನಿಯಮ ಸರಿ. ಮಷೀನು ಕರೆದರೆ ಅಲ್ಲ, ಮನುಷ್ಯ ಕಂಡು ಹೇಳಿದರೆ ಪೊಲೀಸರು ಬರಬೇಕು.

ಆದರೆ ಪೊಲೀಸರ ಕಡೆಯಿಂದ ಒಂದು ಮಾತು ಸಿಗಬೇಕು. ಕಂಡವರು ಹೇಳಿದ ಮೇಲೆ ಅದು ಈಗ ನಡೆಯುತ್ತಿರುವ ಕಳ್ಳತನ. ಅದಕ್ಕೆ ಓಡಿಯೇ ಬರಬೇಕು. ಸುಳ್ಳು ಕರೆಗಳಿಗೆ ಹೋಗದೆ ಉಳಿಸಿದ ಸಮಯ ಇಲ್ಲಿ ಕಾಣದಿದ್ದರೆ ಜನ ಯಾಕೆ ಒಪ್ಪಬೇಕು? ಕ್ಯಾಮೆರಾಗೆ ದುಡ್ಡಿಲ್ಲದ ಚಿಕ್ಕ ಅಂಗಡಿಯವರ ಕಷ್ಟವನ್ನೂ ನೋಡಬೇಕು. ಬ್ರಿಟನ್ನಿನಲ್ಲಿ ಒಂದರ ಹಿಂದೆ ಒಂದು ಎರಡು ಬೇರೆ ಬೇರೆ ಸೆನ್ಸರ್ ಕೂಗಿದರೆ ಅದನ್ನೇ ಖಚಿತ ಅಂತ ತೆಗೆದುಕೊಳ್ಳುತ್ತಾರೆ. ಬಾಗಿಲು ತೆರೆಯಿತು, ಆಮೇಲೆ ಹಾಲ್‌ನಲ್ಲಿ ಯಾರೋ ನಡೆದರು ಅನ್ನುವ ಹಾಗೆ. ವರ್ಷದಲ್ಲಿ ಮೂರು ಸಲ ಸುಳ್ಳಾದರೆ ಪೊಲೀಸರು ಬರುವ ಆ ಸೌಲಭ್ಯ ಹೋಗುತ್ತದೆ. ಇಲ್ಲೂ ಅದನ್ನು ಸೇರಿಸಿಕೊಳ್ಳಬಹುದು, ಅಲ್ವಾ?

ಪ್ಯಾನಿಕ್ ಬಟನ್ ಮಾತ್ರ ಬೇರೆ. ಅದನ್ನು ಒತ್ತುವುದು ಮನುಷ್ಯನ ಬೆರಳು. ಅಲ್ಲಿ ಸಾಕ್ಷಿ ಕೇಳುತ್ತಾ ಕೂರಬಾರದು.

ನಿಮ್ಮ ಕೈಲಿ ಆಗುವುದು ಇಷ್ಟು. ಅಲಾರಂ ಕಂಪನಿಗೆ ಎರಡು ನಂಬರ್ ಕೊಡಿ, ಒಂದು ಪಕ್ಕದ ಮನೆಯವರದ್ದಾಗಿರಲಿ. ನೀವು ಧಾರವಾಡದಲ್ಲಿ ಮದುವೆ ಊಟಕ್ಕೆ ಕೂತಿದ್ದಾಗ ನಿಮ್ಮ ಹಿತ್ತಲ ಬಾಗಿಲು ಒಡೆದಿದೆಯಾ ಅಂತ ನೋಡಬಲ್ಲವರು ಅವರೇ. ಸುಮ್ನೆ ಇಣುಕಿ ಹೇಳಿದರೆ ಸಾಕು, ಒಳಗೆ ಹೋಗಬೇಡಿ ಅಂತಲೂ ಅವರಿಗೆ ಹೇಳಿ. ಅಪ್ಪ ಅಮ್ಮ ಬಂದಿದ್ದರೆ, ಇಂಗ್ಲಿಷ್ ಬಾರದ ಹಿರಿಯರು ಮನೆಯಲ್ಲಿದ್ದಾರೆ ಅಂತ ಕಂಪನಿಯ ದಾಖಲೆಯಲ್ಲಿ ಬರೆಸಿ. ಆಪರೇಟರ್ ಆ ಸಾಲನ್ನು ಓದಿ ಹೇಳಿದರೆ ಬರುವ ಪೊಲೀಸರ ಕೈ ಎಲ್ಲಿರುತ್ತದೆ ಅನ್ನುವುದೇ ಬದಲಾಗಬಹುದು.

ನಮ್ಮತ್ತೆ ಮುಂದಿನ ಯುಗಾದಿಗೆ ಮತ್ತೆ ಬರುತ್ತಿದ್ದಾರೆ. ಬೆಳಗಿನ ಐದೂವರೆಗೆ ನಮ್ಮ ಬಾಗಿಲಲ್ಲಿ ಕುಕ್ಕರಗಾಲಲ್ಲಿ ಕೂತಿರುವವರು ಯಾರು, ಅವರ ಮುಷ್ಟಿಯಲ್ಲಿ ಇರುವುದು ಏನು ಅಂತ ಪಕ್ಕದ ಮನೆಯವರಿಗೆ ಈಗಲೇ ಹೇಳಿಟ್ಟಿದ್ದೇನೆ.