ಬೆಳೆಯದ ಹವಳ ಮತ್ತು ತೋಟದ ಬಕೆಟ್

ನಮಸ್ಕಾರ. ಕಕ್ಕಡ ತಿಂಗಳ ಮಳೆ ಹೊಯ್ಯುತ್ತಿರುವಾಗ ಮಡಿಕೇರಿಯಲ್ಲಿ ಕೂತು ಸಮುದ್ರದ ಹವಳದ ಬಗ್ಗೆ ಮಾತಾಡುವುದು ಸ್ವಲ್ಪ ತಮಾಷೆಯೇ. ಮಂಗಳೂರಿನ ಕಡಲು ಇಲ್ಲಿಂದ ಸುಮಾರು 140 ಕಿಲೋಮೀಟರ್, ಅದೂ ಘಾಟಿ ಇಳಿದು. ಆದರೂ ಮನೆಯಲ್ಲಿ ಉಪ್ಪುನೀರಿನ ಅಕ್ವೇರಿಯಂ ಇಟ್ಟುಕೊಂಡ ಹುಚ್ಚರು ನಮ್ಮಲ್ಲೂ ಇದ್ದೇವೆ. ಇಬ್ಬರು ಸಿಕ್ಕರೆ ಮಾತು ಶುರುವಾಗುವುದೇ ಒಂದು ದೂರಿನಿಂದ: "ಸಾಫ್ಟ್ ಕೋರಲ್ ಸಾಯ್ತಾನೂ ಇಲ್ಲ, ಬೆಳೀತಾನೂ ಇಲ್ಲ."

ನನ್ನದೂ ಅದೇ ಕತೆ. 200 ಲೀಟರ್ ಟ್ಯಾಂಕು. ಅದರಲ್ಲಿ ಅಣಬೆಯ ಹಾಗೆ ಕಾಣುವ ಲೆದರ್ ಕೋರಲ್ ಒಂದು, ಅಂದರೆ ಸಾರ್ಕೋಫೈಟಾನ್. ಪಕ್ಕದಲ್ಲಿ ಮಗುವಿನ ಹಾಗೆ ಮುಷ್ಟಿ ಮುಚ್ಚಿ ಬಿಚ್ಚುವ ಝೀನಿಯಾ ಅನ್ನುವ ಇನ್ನೊಂದು ಹವಳ. ಲೆದರ್ ತಂದಾಗ ಹೆಬ್ಬೆರಳಿನಷ್ಟಿತ್ತು, ಎಂಟು ತಿಂಗಳಾದರೂ ಹೆಬ್ಬೆರಳಿನಷ್ಟೇ. ಅಮ್ಮ ಕೇಳಿದರು, "ಇದು ಪ್ಲಾಸ್ಟಿಕ್ಕಿಂದಲ್ಲ ತಾನೇ?"

ಈ ಸಾಫ್ಟ್ ಕೋರಲ್, ಅಂದರೆ ಮೆದು ಹವಳಕ್ಕೆ ಗಟ್ಟಿ ಹವಳದ ಹಾಗೆ ಕಲ್ಲಿನ ಗೂಡಿಲ್ಲ, ಮೈಯೊಳಗೆ ಸುಣ್ಣದ ಸಣ್ಣ ಚೂರುಗಳು ಮಾತ್ರ. ಮೈ ತುಂಬ ಹೂವಿನಂಥ ಪುಟ್ಟ ಜೀವಿಗಳು, ಅವೇ ಪಾಲಿಪ್, ಒಂದೊಂದಕ್ಕೂ ಎಂಟು ಕೈ. ನಾವು ಮನೆಯಲ್ಲಿ ಇಡುವ ಬಹುತೇಕ ಜಾತಿಗಳ ಮೈಯಲ್ಲಿ ಕಣ್ಣಿಗೆ ಕಾಣದ ಪಾಚಿ ಬಿಡಾರ ಹೂಡಿರುತ್ತದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿಕೊಂಡು ಹವಳಕ್ಕೂ ಬಡಿಸುತ್ತದೆ. ಹಾಗಾಗಿ ಹವಳ ಬೆಳೆಯುತ್ತಿಲ್ಲ ಅಂದರೆ ಒಳಗಿನ ಅಡುಗೆಯವರಿಗೆ ಏನು ಕಮ್ಮಿಯಾಗಿದೆ ಅಂತ ನೋಡಬೇಕು, ಅಲ್ವಾ? ನಾನು ನೋಡಲಿಲ್ಲ. ಅಯೋಡಿನ್ ಬಾಟಲಿ ತಂದೆ, ಅಮೈನೋ ಆಸಿಡ್ ಬಾಟಲಿ ತಂದೆ, ಏನನ್ನೂ ಅಳೆಯದೆ ಎಲ್ಲವನ್ನೂ ಸುರಿದೆ.

ಕೊನೆಗೆ ಅಳೆದಾಗ ಸಿಕ್ಕ ಮೊದಲ ತಪ್ಪು ಉಪ್ಪಿನದು. ನನ್ನ ಹತ್ತಿರ ಇದ್ದದ್ದು ಮುಳ್ಳು ಓಲಾಡುವ ಪ್ಲಾಸ್ಟಿಕ್ ಹೈಡ್ರೋಮೀಟರ್, ಅದು 1.025 ತೋರಿಸುತ್ತಿತ್ತು (ಸಿಹಿನೀರಿನ ಸಾಂದ್ರತೆ 1 ಅಂದರೆ ಸಮುದ್ರದ ನೀರಿನದು ಇದರ ಆಸುಪಾಸು). ಸ್ನೇಹಿತರೊಬ್ಬರ ಹತ್ತಿರ ಬೆಳಕು ಬಾಗುವುದನ್ನು ನೋಡಿ ಉಪ್ಪು ಅಳೆಯುವ ರಿಫ್ರ್ಯಾಕ್ಟೋಮೀಟರ್ ಇತ್ತು, ಅದರಲ್ಲಿ ನೋಡಿದರೆ 1.021! ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನನ್ನ ಹವಳ ತಿಂಗಳುಗಟ್ಟಲೆ ಸಪ್ಪೆ ನೀರಿನಲ್ಲಿ ಉಸಿರು ಹಿಡಿದುಕೊಂಡಿತ್ತು. ಸರಿಮಾಡಲು ಒಂದು ವಾರ ತೆಗೆದುಕೊಂಡೆ, ದಿನಕ್ಕೆ ಒಂಚೂರು. ರಿಫ್ರ್ಯಾಕ್ಟೋಮೀಟರನ್ನೂ ಕಣ್ಣು ಮುಚ್ಚಿ ನಂಬಬೇಡಿ, ಉಪ್ಪು ಸರಿಯಾಗಿ 35 ಇರುವ ದ್ರಾವಣ ಸಿಗುತ್ತದೆ, ಅದರಲ್ಲಿ ಆಗಾಗ ಸರಿಹೊಂದಿಸಿ.

ಎರಡನೆಯದು ನನಗೆ ನಂಬಲಿಕ್ಕೇ ಆಗಲಿಲ್ಲ. ನೀರು ತೀರಾ ಚೊಕ್ಕಟವಾಗಿತ್ತು. ಮೀನು ಎರಡೇ, ಹಾಕುವ ಆಹಾರ ಚಿಟಿಕೆ, ಕೊಳೆಯನ್ನು ನೊರೆ ಮಾಡಿ ತೆಗೆಯುವ ಸ್ಕಿಮ್ಮರ್ ಹಗಲೂ ರಾತ್ರಿ ಓಡುತ್ತಿತ್ತು, ಅದು ಸಾಲದು ಅಂತ ಫಾಸ್ಫೇಟ್ ಹೀರುವ ಕಾಳು ಬೇರೆ. ಟೆಸ್ಟ್ ಕಿಟ್ಟಿನಲ್ಲಿ ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಸೊನ್ನೆ. ನಾನು ಎದೆಯುಬ್ಬಿಸಿಕೊಂಡು ಹೇಳಿದರೆ ಆ ಸ್ನೇಹಿತರು ನಕ್ಕು, "ಗೊಬ್ಬರ ಹಾಕದೆ ಕಾಫಿ ಬರುತ್ತಾ?" ಅಂದರು. ಸೊನ್ನೆ ಅಂದರೆ ಹಸಿವು. ಸಾಫ್ಟ್ ಕೋರಲ್‌ಗಳಿಗೆ ಸ್ವಲ್ಪ ಮಾಸಿದ ನೀರೇ ಇಷ್ಟ. ನೈಟ್ರೇಟ್ 5ರಿಂದ 15 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಫಾಸ್ಫೇಟ್ 0.05ರ ಆಸುಪಾಸು ಇದ್ದರೆ ಅವು ಅರಳಿಕೊಳ್ಳುತ್ತವೆ. ಕಾಳು ತೆಗೆದುಹಾಕಿದೆ, ಸ್ಕಿಮ್ಮರನ್ನು ರಾತ್ರಿ ಮಾತ್ರ ಓಡಿಸಿದೆ, ಇನ್ನೂ ಮೂರು ಮೀನು ಬಿಟ್ಟು ದಿನಕ್ಕೆ ಎರಡು ಸಲ ಊಟ ಹಾಕಿದೆ. ಆರು ವಾರಕ್ಕೆ ಬಿಳಿಚಿಕೊಂಡಿದ್ದ ಲೆದರ್ ಕಂದು ಬಣ್ಣಕ್ಕೆ ತಿರುಗಿತು. ಬಾಟಲಿಗಳ ದುಡ್ಡು ಹೋಯಿತು, ಬಿಡಿ.

ಬೆಳಕಿನ ವಿಷಯ ನಮ್ಮ ಊರಿನವರಿಗೆ ವಿವರಿಸಬೇಕಿಲ್ಲ. ಕಾಫಿ ಗಿಡವನ್ನು ಯಾರಾದರೂ ಬಟಾಬಯಲಲ್ಲಿ ನೆಡುತ್ತಾರಾ? ಹೊಸ ಎಲ್‌ಇಡಿ ತಂದವರು ನೂರಕ್ಕೆ ನೂರು ಉರಿಸಿದರೆ ಹವಳ ಮುದುಡಿ ಬಿಳಿಚುತ್ತದೆ. ಕಾಂಡ ಉದ್ದಕ್ಕೆ ಎಳೆದುಕೊಂಡು ಮೇಲಕ್ಕೆ ಬಾಗುತ್ತಿದ್ದರೆ ಬೆಳಕು ಸಾಲುತ್ತಿಲ್ಲ ಅಂತ. ಜಾಗ ಬದಲಿಸಿದರೆ ಎರಡು ವಾರ ಮತ್ತೆ ಕೈ ಹಾಕಬೇಡಿ.

ಇನ್ನು ನಮ್ಮ ಮಳೆ. ಬೇರೆ ಊರಿನವರು ಬೇಸಿಗೆಗೆ ಟ್ಯಾಂಕ್ ತಂಪು ಮಾಡುವುದು ಹೇಗೆ ಅಂತ ಒದ್ದಾಡಿದರೆ ನಮಗೆ ಜೂನಿನಿಂದ ಸೆಪ್ಟೆಂಬರ್ ತನಕ ಬಿಸಿ ಮಾಡುವ ಒದ್ದಾಟ. ಹವಳಕ್ಕೆ 24ರಿಂದ 27 ಡಿಗ್ರಿ ಬೇಕು, ನನ್ನ ಟ್ಯಾಂಕು ಬೆಳಗಿನ ಜಾವ 21ಕ್ಕೆ ಇಳಿದಿರುತ್ತಿತ್ತು. ನಾನು ಹಗಲು ಹನ್ನೆರಡಕ್ಕೆ ಥರ್ಮಾಮೀಟರ್ ನೋಡಿ ಸಮಾಧಾನ ಪಡುತ್ತಿದ್ದೆ! ಈಗ 200 ವ್ಯಾಟಿನ ಒಂದು ಹೀಟರ್ ಬದಲು 100ರ ಎರಡು ಇಟ್ಟಿದ್ದೇನೆ, ಒಂದು ಕೆಟ್ಟರೂ ಹವಳ ಬೇಯುವುದಿಲ್ಲ, ಹೆಪ್ಪುಗಟ್ಟುವುದೂ ಇಲ್ಲ. ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟು ಇಲ್ಲ ಅನ್ನುವುದು ನಮಗೆ ಹೊಸದಲ್ಲ. ಆಗ ಮೊದಲು ಬೇಕಾದ್ದು ಬೆಳಕಲ್ಲ, ನೀರಿನ ಓಡಾಟ ಮತ್ತು ಗಾಳಿ. ಬ್ಯಾಟರಿಯ ಏರ್ ಪಂಪ್ ಒಂದು ತಂದಿಡಿ. ಟ್ಯಾಂಕಿನ ಸುತ್ತ ಕಂಬಳಿ ಹೊದಿಸಿ, ಒಲೆಯ ಮೇಲೆ ಕಾಯಿಸಿದ ನೀರನ್ನು ಬಾಟಲಿಗೆ ತುಂಬಿ, ಬಿಗಿಯಾಗಿ ಮುಚ್ಚಳ ಹಾಕಿ ತೇಲಿಬಿಡಿ. ಮಳೆಗೆ ಕಿಟಕಿ ಎಲ್ಲ ಮುಚ್ಚಿದಾಗ ಪಿಹೆಚ್ ಸ್ವಲ್ಪ ಇಳಿಯುತ್ತದೆ, ಮನೆಯೊಳಗೆ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾಗುವುದರಿಂದ. ಅದಕ್ಕೆ ಪುಡಿ ಸುರಿಯಬೇಡಿ, ಮಳೆ ನಿಂತಾಗ ಕಿಟಕಿ ತೆಗೆಯಿರಿ, ಸಾಕು.

ಈಗ ಬಕೆಟ್ಟಿನ ವಿಷಯ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಎಲ್ಲ ಸರಿಹೋಗಿ ಲೆದರ್ ಅರಳುತ್ತಿದ್ದ ಕಾಲ, ಮೇ ಕೊನೆ, ತೋಟದಲ್ಲಿ ಮೆಣಸಿನ ಬಳ್ಳಿಗೆ ರೋಗ ಬಾರದಿರಲಿ ಅಂತ ಬೋರ್ಡೋ ದ್ರಾವಣ ಹೊಡೆಯುತ್ತಿದ್ದರು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನಿಮಗೆ ಗೊತ್ತಿರುವುದೇ. ಅಲ್ಲಿಂದ ಬಂದ ಬಕೆಟ್ಟನ್ನು ಯಾರೋ ತೊಳೆದು ಬಚ್ಚಲಿನಲ್ಲಿ ಇಟ್ಟಿದ್ದರು. ನಾನು ಅದರಲ್ಲೇ ಉಪ್ಪುನೀರು ಕಲಸಿ ಟ್ಯಾಂಕಿಗೆ ಹಾಕಿದೆ. ಮೈಲುತುತ್ತ ಅಂದರೆ ತಾಮ್ರ. ಮೀನು ಸ್ವಲ್ಪ ತಾಮ್ರ ತಡೆದುಕೊಳ್ಳುತ್ತದೆ, ಹವಳ, ಸೀಗಡಿ, ಶಂಖದ ಹುಳಕ್ಕೆ ಅದು ವಿಷ. ಮಾರನೇ ದಿನ ಝೀನಿಯಾ ಕೈ ಆಡಿಸುವುದನ್ನು ನಿಲ್ಲಿಸಿತು, ಮೂರನೇ ದಿನ ಕರಗಿ ಲೋಳೆಯಾಯಿತು. ತಾಮ್ರ ಹೀರುವ ಪ್ಯಾಡ್ ತಂದು ಹಾಕಿದೆ. ಅದು ನೀಲಿಗೆ ತಿರುಗಿದಾಗಲೇ ಬಕೆಟ್ಟಿನ ಅಂಚಿನ ನೀಲಿ ಕಲೆ ನನ್ನ ಕಣ್ಣಿಗೆ ಬಿದ್ದದ್ದು. ನಾಲ್ಕು ಸಲ ನೀರು ಬದಲಿಸಿ, ನೀರು ಸೋಸುವ ಇದ್ದಿಲು, ಅಂದರೆ ಕಾರ್ಬನ್, ಹೊಸದು ಇಟ್ಟು, ಹೇಗೋ ಲೆದರ್ ಉಳಿಯಿತು. ಸ್ಪ್ರೇ ಮಾಡಿದ ಕೈಯನ್ನೂ ಟ್ಯಾಂಕಿಗೆ ಅದ್ದಬೇಡಿ. ಇನ್ನೊಂದು, ಅಡುಗೆಮನೆಯ ಕೆಲವು ಆರ್‌ಓ ಮೆಷಿನ್ನುಗಳು ಆರೋಗ್ಯಕ್ಕೆ ಅಂತ ನೀರಿಗೆ ತಾಮ್ರ ಸೇರಿಸುತ್ತವೆ. ನಮಗೆ ಒಳ್ಳೆಯದಿರಬಹುದು, ಆ ನೀರು ಹವಳಕ್ಕೆ ಬೇಡ. ತಗಡಿನ ಮಾಡಿನಿಂದ ಹಿಡಿದ ಮಳೆನೀರೂ ಬೇಡ, ಸತು ಬರುತ್ತದೆ.

ಲೆದರ್ ಒಂದು ವಾರ, ಹತ್ತು ದಿನ ಪಾಲಿಪ್ ಒಳಗೆಳೆದುಕೊಂಡು ಮೈ ಮೇಲೆ ಮೇಣದ ಪದರ ಕಟ್ಟಿಕೊಂಡು ಕೂತರೆ ಗಾಬರಿಯಾಗಬೇಡಿ. ಹಾವು ಪೊರೆ ಬಿಟ್ಟ ಹಾಗೆ ಅದು. ಅಲೆಯ ಪಂಪನ್ನು ನೇರ ಬಡಿಯದ ಹಾಗೆ ಸ್ವಲ್ಪ ಅದರ ಕಡೆ ತಿರುಗಿಸಿದರೆ ಪದರ ಬೇಗ ಕಳಚುತ್ತದೆ. ಇವು ಅಕ್ಕಪಕ್ಕದ ಹವಳ ಬೆಳೆಯದ ಹಾಗೆ ನೀರಿಗೆ ರಸಾಯನವನ್ನೂ ಬಿಡುತ್ತವೆ, ಕಾರ್ಬನ್ ಇಡುವುದು ಅದಕ್ಕೇ. ಕೊಳ್ಳುವಾಗ ಅಂಗಡಿಯವರ ಹತ್ತಿರ ಕಾಗದಪತ್ರ ಕೇಳಿ. ಗಟ್ಟಿ ಹವಳ, ಸಮುದ್ರ ಬೀಸಣಿಗೆ (ಸೀ ಫ್ಯಾನ್ ಹವಳ) ಇವೆಲ್ಲ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿವೆ. ಲಕ್ಷದ್ವೀಪಕ್ಕೆ ಹೋದಾಗ ಕಿತ್ತು ತರುವ ಯೋಚನೆ ಬೇಡವೇ ಬೇಡ.

ನನ್ನ ಹೆಬ್ಬೆರಳು ಈಗ ಊಟದ ತಟ್ಟೆಯಷ್ಟಾಗಿ ಪಕ್ಕದ ಕಲ್ಲಿಗೆಲ್ಲ ನೆರಳು ಹಾಕುತ್ತಿದೆ. ಮಳೆ ಬಿಟ್ಟ ಮೇಲೆ, ಕರೆಂಟು ನೆಟ್ಟಗಿರುವ ಒಂದು ವಾರ ನೋಡಿ, ಕೈಗವಸು ಹಾಕಿಕೊಂಡು ಬ್ಲೇಡಿನಿಂದ ತಲೆಯನ್ನು ಕತ್ತರಿಸುತ್ತೇನೆ, ಒಂದೊಂದು ತುಂಡೂ ಒಂದೊಂದು ಹವಳವಾಗುತ್ತದೆ. ಗೆಳೆಯರಿಗೆಲ್ಲ ಹೇಳಿದ್ದೇನೆ, ಬೇಕಾದವರು ಬನ್ನಿ, ಕೊಡುತ್ತೇನೆ. ಬಕೆಟ್ ಮಾತ್ರ ಹೊಸದು ತನ್ನಿ. ನಮಸ್ಕಾರ.